ಬಾಡಿಗೆ ಮನೆ ಗೋಡೆಗೆ ಬೂಷ್ಟು: ಬಣ್ಣ ಬಳಿದರೆ ಹೋಗುತ್ತದೆಯೇ?

ತಾರಸಿ ಸೋರಿತೋ, ಮೇಲಿನ ಮನೆಯ ಬಚ್ಚಲಿನ ಪೈಪು ಒಡೆಯಿತೋ, ಅಂತೂ ಮಲಗುವ ಕೋಣೆಯ ಗೋಡೆ ನೆನೆದಿದೆ. ವಾರದೊಳಗೆ ಮೂಲೆಯಲ್ಲಿ ಕಪ್ಪು ಚುಕ್ಕೆಗಳು, ಬೀರು ತೆರೆದರೆ ಮುಗ್ಗಲು ವಾಸನೆ. ಓನರಿಗೆ ಹೇಳಿದರೆ "ಮಳೆ ನಿಲ್ಲಲಿ, ಒಂದು ಕೋಟ್ ಪೇಂಟ್ ಹೊಡೆಸೋಣ" ಎನ್ನುತ್ತಾರೆ. ಅಷ್ಟು ಸಾಕೇ? ಸಾಲದು.

ಬೂಷ್ಟು ಒಂದು ಶಿಲೀಂಧ್ರ. ಅದರ ಕಣ್ಣಿಗೆ ಕಾಣದ ಬೀಜಕಣಗಳು ಎಲ್ಲರ ಮನೆಯ ಗಾಳಿಯಲ್ಲೂ ಇರುತ್ತವೆ. ನೆನೆದ ಜಾಗ ಸಿಕ್ಕರೆ 24ರಿಂದ 48 ಗಂಟೆಗಳಲ್ಲೇ ಬೆಳೆಯತೊಡಗಬಲ್ಲವು. ಬಣ್ಣದ ಪದರ, ಧೂಳು, ಪ್ಲೈವುಡ್, ಕಾಗದ, ಬಟ್ಟೆ ಎಲ್ಲವೂ ಅದಕ್ಕೆ ಆಹಾರ. ತೇವ ಆರದ ಗೋಡೆಗೆ ಬಣ್ಣ ಬಳಿದರೆ ಅದು ಗುಳ್ಳೆಯೆದ್ದು ಉದುರುತ್ತದೆ, ಬೂಷ್ಟು ಮತ್ತೆ ಬರುತ್ತದೆ. ಮೊದಲು ನಿಲ್ಲಬೇಕಾದದ್ದು ನೀರು.

ಅಂದಹಾಗೆ, ಗೋಡೆಯ ಬಿಳಿ ಪುಡಿಯೆಲ್ಲ ಬೂಷ್ಟಲ್ಲ. ಒಂದು ಹನಿ ನೀರು ಹಾಕಿ ನೋಡಿ. ಕರಗಿದರೆ ಅದು ಇಟ್ಟಿಗೆ, ಸಿಮೆಂಟಿನಿಂದ ಹೊರಬಂದ ಉಪ್ಪು. ಆದರೆ ಅದೂ ಗೋಡೆಯೊಳಗೆ ನೀರು ಓಡಾಡಿದೆ ಎಂಬುದಕ್ಕೆ ಸಾಕ್ಷಿ.

"ಕಪ್ಪು ಬೂಷ್ಟು ಎಂದರೆ ವಿಷ" ಎಂಬ ಮಾತು ವಾಟ್ಸಾಪಿನಲ್ಲಿ ಓಡಾಡುತ್ತದೆ. ಬಣ್ಣ ನೋಡಿ ಅಪಾಯ ಅಳೆಯಲಾಗದು. ಹಾಗೆಂದು ಉದಾಸೀನವೂ ಸಲ್ಲ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸ, ಆಸ್ತಮಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲೇ ಹೇಳಿದೆ. ಆಸ್ತಮಾ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಆ ಕೋಣೆಯಲ್ಲಿ ಮಲಗಬಾರದು, ಅದನ್ನು ಉಜ್ಜಲೂ ಬಾರದು. ಯಾವ ಜಾತಿಯ ಬೂಷ್ಟು ಎಂದು ಪರೀಕ್ಷೆ ಮಾಡಿಸಲು ದುಡ್ಡು ಸುರಿಯಬೇಡಿ, ಯಾವುದಾದರೂ ತೆಗೆಯಲೇಬೇಕು.

ಸುಮಾರು ಮೂರಡಿ ಉದ್ದ, ಮೂರಡಿ ಅಗಲದೊಳಗಿನ ಕಲೆಯನ್ನು ನೀವೇ ತೆಗೆಯಬಹುದು. ಎನ್95 ಮಾಸ್ಕ್, ಕೈಗವಸು ಹಾಕಿ, ಕಿಟಕಿ ತೆರೆದು, ಸೋಪಿನ ನೀರಿನಲ್ಲಿ ಉಜ್ಜಿ, ಚೆನ್ನಾಗಿ ಒಣಗಿಸಿ. ಒಣ ಬ್ರಷ್ಷಿನಿಂದ ಕೆರೆದರೆ ಬೀಜಕಣಗಳು ಮನೆಯೆಲ್ಲ ಹರಡುತ್ತವೆ. ಬ್ಲೀಚ್ ಅನಿವಾರ್ಯವೇನಲ್ಲ, ಏಕೆಂದರೆ ಸತ್ತ ಬೂಷ್ಟಿಗೂ ಅಲರ್ಜಿಯಾಗಬಹುದು, ಉಜ್ಜಿ ತೆಗೆಯುವುದೇ ಮುಖ್ಯ. ಬಳಸುವುದಾದರೆ ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಎಂದೂ ಬೆರೆಸಬೇಡಿ. ಕ್ಲೋರಿನ್ ಅನಿಲ ಹೊಮ್ಮುತ್ತದೆ. ಸ್ವಿಚ್ ಬೋರ್ಡಿನ ಸುತ್ತ ಗೋಡೆ ಒದ್ದೆಯಿದ್ದರೆ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಬೂಷ್ಟು ಹಿಡಿದ ಹಾಸಿಗೆಯ ಆಸೆ ಬಿಡುವುದೇ ಲೇಸು. ಬೀರುವನ್ನು ಗೋಡೆಯಿಂದ ಗೇಣು ದೂರ ಸರಿಸಿ, ಫ್ಯಾನ್ ಹಾಕಿ. ಕರಾವಳಿ, ಮಲೆನಾಡಿನ ಜುಲೈ ತಿಂಗಳಲ್ಲಿ ಹೊರಗಿನ ಗಾಳಿಯೇ ಒದ್ದೆ. ಅಲ್ಲಿ ದಿನವಿಡೀ ಕಿಟಕಿ ತೆರೆದಿಟ್ಟರೆ ಲಾಭವಿಲ್ಲ.

ಖರ್ಚು ಯಾರದ್ದು? ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ, ಕರಾರಿನಲ್ಲಿ ಬೇರೆ ಮಾತಾಗಿರದಿದ್ದರೆ, ಕಟ್ಟಡದ ರಿಪೇರಿ, ಸುಣ್ಣಬಣ್ಣ, ಪೈಪು ಬದಲಾವಣೆಯನ್ನು ಮಾಲೀಕರಿಗೆ ಬಿಡುತ್ತದೆ. ಆದರೆ ಅದು ಮಾದರಿಯಷ್ಟೇ, ಒಪ್ಪಿಕೊಂಡ ರಾಜ್ಯಗಳಲ್ಲಿ ಮಾತ್ರ ಜಾರಿ. ಹಾಗಾಗಿ ನಿಮ್ಮ ಅಗ್ರಿಮೆಂಟನ್ನೇ ಓದಿ. ಕೋಣೆಯೊಳಗೆ ಬಟ್ಟೆ ಒಣಹಾಕಿ ಕಿಟಕಿ ಮುಚ್ಚಿಟ್ಟು ಬಂದ ಬೂಷ್ಟಿಗೆ ಓನರನ್ನು ದೂರುವುದು ನ್ಯಾಯವಲ್ಲ ಎಂದೇ ನಮ್ಮ ಅನಿಸಿಕೆ. ಸೋರಿಕೆಯಾದರೆ ಉಜ್ಜುವ ಮೊದಲೇ ಫೋಟೋ ತೆಗೆದು, ತಾರೀಖು ಸಹಿತ ವಾಟ್ಸಾಪ್ ಅಥವಾ ಇಮೇಲ್‌ನಲ್ಲಿ ತಿಳಿಸಿ. ಬೆಂಗಳೂರಿನಲ್ಲಿ ಮನೆ ಬಿಡುವಾಗ ಪೇಂಟಿಂಗ್ ಎಂದು ಅಡ್ವಾನ್ಸಿನಲ್ಲಿ ಹಣ ಹಿಡಿಯುವುದು ರೂಢಿ. ಆಗ ಈ ಫೋಟೋಗಳೇ ನಿಮ್ಮ ಪರ ನಿಲ್ಲುತ್ತವೆ. ಹೊಸ ಮನೆ ನೋಡಲು ಹೋದಾಗ ಒಂದೇ ಒಂದು ಗೋಡೆಗೆ ಹೊಸ ಬಣ್ಣ ಕಂಡರೆ, ಯಾಕೆಂದು ಕೇಳಿ.