ದಲೇನ ಹೋಲಿಕೆಯ ಊರಲ್ಲ: ಪರಿಣಾಮ ಅಧ್ಯಯನದ ಚರಿತ್ರೆಯಲ್ಲಿ ಮಂಡ್ಯದ ಒಂದು ಸಾಕ್ಷ್ಯ

ಪರಿಸರ ಪರಿಣಾಮ ಮೌಲ್ಯಮಾಪನದ ಚರಿತ್ರೆಯನ್ನು ನಮ್ಮ ತರಗತಿಗಳು ಅಮೆರಿಕದ 1969ರ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಯಿಂದ ಶುರುಮಾಡಿ, 1994ರ ಜನವರಿ 27ರ ಕೇಂದ್ರ ಅಧಿಸೂಚನೆಗೆ ತಂದು ನಿಲ್ಲಿಸುತ್ತವೆ. ಕಾನೂನಿನ ಚರಿತ್ರೆ ಎಂದರೆ ಇದು ಸರಿ. ಆದರೆ ಒಂದು ಯೋಜನೆ ಬಂದ ಮೇಲೆ ಸುತ್ತಣ ಸೀಮೆಯ ಬದುಕು ಹೇಗೆ ತಿರುಗಿತು ಎಂದು ಊರೂರಿಗೆ ಹೋಗಿ ಅಳೆಯುವ ವಿದ್ಯೆಗೆ ಇದಕ್ಕಿಂತ ಹಳೆಯ ಆಕರ ಮಂಡ್ಯ ಜಿಲ್ಲೆಯಲ್ಲೇ ಇದೆ. ಅದು ಟಿ. ಸ್ಕಾರ್ಲೆಟ್ ಎಪ್‌ಸ್ಟೈನ್ 1962ರಲ್ಲಿ ಪ್ರಕಟಿಸಿದ ‘ಎಕನಾಮಿಕ್ ಡೆವಲಪ್‌ಮೆಂಟ್ ಅಂಡ್ ಸೋಶಿಯಲ್ ಚೇಂಜ್ ಇನ್ ಸೌತ್ ಇಂಡಿಯಾ’. ಮಾನವಶಾಸ್ತ್ರದವರು ಅದನ್ನು ತಮ್ಮ ಕಪಾಟಿನಲ್ಲಿ ಇಟ್ಟುಕೊಂಡರು, ಪರಿಸರ ವಿಜ್ಞಾನದವರು ಆ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ ಕೆಲವರ ಓದಿನಲ್ಲೂ ಒಂದು ದೊಡ್ಡ ತಪ್ಪು ನುಸುಳಿದೆ.

ಎಪ್‌ಸ್ಟೈನ್ 1950ರ ದಶಕದ ನಡುವಿನಲ್ಲಿ ಮಂಡ್ಯ ಸೀಮೆಯ ಎರಡು ಊರುಗಳಲ್ಲಿ ಕ್ಷೇತ್ರಕಾರ್ಯ ಮಾಡಿದರು. ಪುಸ್ತಕದಲ್ಲಿ ಅವುಗಳ ಹೆಸರು ವಂಗಲ, ದಲೇನ. ಇರ್ವಿನ್ ನಾಲೆಯ (ಇಂದಿನ ವಿಶ್ವೇಶ್ವರಯ್ಯ ನಾಲೆಯ) ನೀರು ವಂಗಲದ ಗದ್ದೆಗೆ ಹರಿಯಿತು. ದಲೇನ ನಾಲೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದುದರಿಂದ ಹೊಲ ಒಣಭೂಮಿಯಾಗಿಯೇ ಉಳಿಯಿತು. ಇಷ್ಟನ್ನೇ ಹಿಡಿದುಕೊಂಡವರು ವಂಗಲವನ್ನು ‘ಯೋಜನೆ ಬಂದ ಊರು’, ದಲೇನವನ್ನು ‘ಯೋಜನೆ ಬಾರದ ಊರು’ ಎಂದು ಕರೆದು, ಎರಡರ ನಡುವಿನ ವ್ಯತ್ಯಾಸವೇ ನೀರಾವರಿಯ ಪರಿಣಾಮ ಎಂದು ಲೆಕ್ಕ ಹಾಕುತ್ತಾರೆ. ಈ ಲೆಕ್ಕ ಬುಡದಲ್ಲೇ ತಪ್ಪು. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಇದೇ ಲೆಕ್ಕ ಇಂದಿನ ಪರಿಣಾಮ ವರದಿಗಳ ನಕ್ಷೆಯೊಳಗೂ ಕೂತಿದೆ.

ಎಪ್‌ಸ್ಟೈನ್ ದಲೇನದ ಬಗ್ಗೆ ಬರೆದ ಅಧ್ಯಾಯಗಳನ್ನು ಸಾವಧಾನವಾಗಿ ಓದಿದವರಿಗೆ ಅದು ನಾಲೆಯ ನೀರು ಮುಟ್ಟದ, ಆದರೆ ನಾಲೆಯೇ ಪೂರ್ತಿ ಬದಲಿಸಿದ ಊರಾಗಿ ಕಾಣುತ್ತದೆ. ದಲೇನದ ಒಕ್ಕಲಿಗರು ನೆರೆಯ ಊರುಗಳಲ್ಲಿ ತರಿ ಜಮೀನು ಕೊಂಡರು. ಕಬ್ಬು ಸಾಗಿಸಲು ಗಾಡಿ ಹೂಡಿದರು. ಮಂಡ್ಯದ ಕಾರ್ಖಾನೆಗೆ, ಪಟ್ಟಣದ ಕೆಲಸಗಳಿಗೆ ಹೋದರು. ಇಷ್ಟಾದ ಮೇಲೆ ಊರಿನೊಳಗಿನ ಕಟ್ಟಳೆಯೂ ಸಡಿಲಿತು. ವಂಶಪಾರಂಪರ್ಯದ ಯಜಮಾನಿಕೆಯನ್ನು ಪ್ರಶ್ನಿಸುವವರು ಹುಟ್ಟಿಕೊಂಡರು, ಆದಿಕರ್ನಾಟಕ ಮನೆತನಗಳಿಗೂ ಒಕ್ಕಲು ಮನೆತನಗಳಿಗೂ ತಲೆತಲಾಂತರದಿಂದ ಇದ್ದ ಆಳಿನ ನಂಟು ಕಡಿಯಿತು. ನೀರು ಬಂದ ವಂಗಲದಲ್ಲಿ ಆ ನಂಟು ಉಳಿದುಕೊಂಡಿತು. ಬೇಸಾಯವನ್ನೇ ನೆಚ್ಚಿ ಅದೇ ಊರಿನಲ್ಲಿ ಶ್ರೀಮಂತಿಕೆ ಬೆಳೆದದ್ದರಿಂದ ಹಳೆಯ ವ್ಯವಸ್ಥೆ ಹೊಸ ಹಣವನ್ನು ತನ್ನೊಳಗೇ ಅರಗಿಸಿಕೊಂಡಿತು. ಸಾಮಾಜಿಕವಾಗಿ ಹೆಚ್ಚು ಬದಲಾದದ್ದು ಒಣ ಊರು ಎಂಬುದೇ ಪುಸ್ತಕದ ಮುಖ್ಯ ನಿಲುವು. ಹೀಗಿರುವಾಗ ದಲೇನವನ್ನು ಯೋಜನೆಯ ಹೊರಗಿಟ್ಟು ಅಳತೆಗೋಲು ಮಾಡಿಕೊಳ್ಳುವುದು ಪುಸ್ತಕವನ್ನು ತಲೆಕೆಳಗಾಗಿ ಓದಿದಂತೆ.

ಇಲ್ಲೊಂದು ಆಕ್ಷೇಪ ಬರುತ್ತದೆ: ದಲೇನದಲ್ಲಿ ಕಂಡ ಬದಲಾವಣೆಗೆ ಕಾರಣ ಮಂಡ್ಯ ಪಟ್ಟಣದ ಬೆಳವಣಿಗೆ, ಅದನ್ನು ನಾಲೆಯ ತಲೆಗೆ ಕಟ್ಟುವುದು ಯಾಕೆ? ಈ ಆಕ್ಷೇಪಕ್ಕೆ ನನ್ನಲ್ಲಿ ತಾಳ್ಮೆ ಕಡಿಮೆ. 1933ರಲ್ಲಿ ಹುಟ್ಟಿದ ಮೈಸೂರು ಸಕ್ಕರೆ ಕಂಪನಿ ನಾಲೆಯ ಕಬ್ಬನ್ನು ನೆಚ್ಚಿ ನಿಂತದ್ದು. ಕಬ್ಬು ಕಾರ್ಖಾನೆಯನ್ನು ತಂದಿತು, ಕಾರ್ಖಾನೆ ಪಟ್ಟಣವನ್ನು ಹಿಗ್ಗಿಸಿತು, ಪಟ್ಟಣ ದಲೇನದವರಿಗೆ ಕೆಲಸ ಕೊಟ್ಟಿತು. ಇದನ್ನೇ ಇಂದು ಪರೋಕ್ಷ ಪರಿಣಾಮ ಎಂದು ಪರೀಕ್ಷೆಯಲ್ಲಿ ಬರೆಸುತ್ತೇವೆ. (ಎರಡನೆಯ ಮಹಾಯುದ್ಧ ಕಾಲದ ಬೆಲೆಯೇರಿಕೆ ಎರಡೂ ಊರಿಗೆ ತಟ್ಟಿತು. ಅದೊಂದರಿಂದಲೇ ಎರಡರ ನಡುವಿನ ವ್ಯತ್ಯಾಸ ಬಗೆಹರಿಯುವುದಿಲ್ಲ.) ಎಪ್‌ಸ್ಟೈನ್ ಮಣ್ಣಿನ ಜೌಗು, ಅಂತರ್ಜಲ, ಸೊಳ್ಳೆ ಇವುಗಳನ್ನು ಅಳೆದವರಲ್ಲ ಎಂಬುದೂ ನಿಜ. ನಾಲೆಯ ಸೀಮೆಯನ್ನು ಕಾಡಿದ ಮಲೇರಿಯಾಕ್ಕೆ ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಯವರು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಾಡಿದ ಕೆಲಸವನ್ನು ಈ ಪುಸ್ತಕದ ಪಕ್ಕದಲ್ಲಿಟ್ಟು ಓದಬೇಕು. ಎರಡನ್ನೂ ಒಟ್ಟಿಗೆ ಓದಿಸುವ ಪಠ್ಯಕ್ರಮವನ್ನು ನಾನು ಕಂಡಿಲ್ಲ.

ಬದಲಿಗೆ ಓದಿಸುವುದು 1971ರ ಲಿಯೊಪೋಲ್ಡ್ ಮಾತೃಕೆಯನ್ನು. 100 ಚಟುವಟಿಕೆ, 88 ಪರಿಸರ ಲಕ್ಷಣ, ಒಟ್ಟು 8,800 ಚೌಕ. ಒಂದೊಂದು ಚೌಕದಲ್ಲೂ ಪರಿಣಾಮದ ಗಾತ್ರಕ್ಕೊಂದು, ಮಹತ್ವಕ್ಕೊಂದು ಅಂಕಿ. ಅದರ ಶಿಸ್ತನ್ನು ನಾನು ಗೌರವಿಸುತ್ತೇನೆ. ಆದರೆ ಆ ಚೌಕಗಳಲ್ಲಿ ‘ಯಾವ ಊರಿಗೆ’ ಎಂಬ ಪ್ರಶ್ನೆಗೆ ಜಾಗವಿಲ್ಲ. ಒಂದು ಪರಿಣಾಮ ಇನ್ನೊಂದನ್ನು ಹುಟ್ಟಿಸುವ ಸರಣಿಯನ್ನು ಅದು ಹಿಡಿಯಲಾರದು, ಮತ್ತು ದಲೇನದ ಕಥೆ ಅಂಥ ಸರಣಿಯ ಕಥೆಯೇ.

ದಲೇನವನ್ನು ಹೊರಗಿಟ್ಟ ಆ ಲೆಕ್ಕ ಇಂದಿನ ವರದಿಗಳಲ್ಲಿ ಹೇಗೆ ಮರಳುತ್ತದೆ ಎಂದು ನೋಡಲು ಮದ್ದೂರು ತಾಲ್ಲೂಕಿನ ಕೊಪ್ಪವನ್ನು ಈಗ ತೆಗೆದುಕೊಳ್ಳೋಣ. ಹೋಬಳಿ ಕೇಂದ್ರ, ಸಕ್ಕರೆ ಕಾರ್ಖಾನೆ ಇರುವ ಊರು. 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಪ್ರಕಾರ ದಿನಕ್ಕೆ 5,000 ಟನ್ ಅಥವಾ ಅದಕ್ಕಿಂತ ಹೆಚ್ಚು ಕಬ್ಬು ಅರೆಯುವ ಸಕ್ಕರೆ ಕಾರ್ಖಾನೆಗೆ ಪೂರ್ವಾನುಮತಿ ಬೇಕು. ಈ ಕಟ್ಟಳೆಯಡಿ ಪರಿಸರ ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ಕೊಪ್ಪವನ್ನು ಪ್ರಬಂಧಕ್ಕೆ ಆರಿಸಿಕೊಂಡರೆ ಅವನು ಮೊದಲು ಮಾಡುವ ಕೆಲಸ ಕಾರ್ಖಾನೆಯನ್ನು ನಡುವಿಟ್ಟು 10 ಕಿ.ಮೀ. ವೃತ್ತ ಎಳೆಯುವುದು. ಗಾಳಿ, ಬಾವಿ ನೀರು, ಮಣ್ಣು, ಶಬ್ದ ಅದರೊಳಗೆ ಸಿಗುತ್ತವೆ. ಚಿಮಣಿಯ ಹೊಗೆಗೆ ವೃತ್ತ ತಕ್ಕದ್ದೇ. ಆದರೆ ಕಟಾವಿನ ಕಾಲದಲ್ಲಿ ಬಳ್ಳಾರಿ ಕಡೆಯಿಂದ ಬಂದು ಗದ್ದೆ ಬದಿಯಲ್ಲಿ ಗುಡಿಸಲು ಹಾಕುವ ಕಬ್ಬು ಕಡಿಯುವವರ ಊರು ಆ ವೃತ್ತದಲ್ಲಿಲ್ಲ. ಕಾರ್ಖಾನೆ ಕೊಡುವ ಬೆಲೆ ನೋಡಿ ಒಲೆ ಹಚ್ಚುವ, ಆರಿಸುವ ಆಲೆಮನೆಗಳು ವೃತ್ತದ ಒಳಗೂ ಹೊರಗೂ ಚೆದುರಿವೆ. ಕಬ್ಬಿನ ಆಸೆಗೆ ರಾಗಿ ಬಿಟ್ಟ ಹೊಲ, ಕೊರೆದ ಕೊಳವೆಬಾವಿ, ಟ್ರ್ಯಾಕ್ಟರ್ ಸಾಲ ಇವುಗಳ ಹಾದಿ ಗಾಳಿಯ ದಿಕ್ಕನ್ನು ಹಿಡಿದು ಹೋಗುವುದಿಲ್ಲ, ಕಾರ್ಖಾನೆಯ ಕಬ್ಬು ಒಪ್ಪಂದವನ್ನು ಹಿಡಿದು ಹೋಗುತ್ತದೆ. 1994ರ ಅಧಿಸೂಚನೆಗೆ 1997ರಲ್ಲಿ ಬಂದ ತಿದ್ದುಪಡಿಯಿಂದ ಕಡ್ಡಾಯವಾದ ಸಾರ್ವಜನಿಕ ಅಹವಾಲು ಸಭೆಯಲ್ಲಿ ಇವರಲ್ಲಿ ಯಾರ ಮಾತು ದಾಖಲಾಗುತ್ತದೆ ಎಂಬುದನ್ನೂ ಬಹುಮಟ್ಟಿಗೆ ಆ ವೃತ್ತವೇ ತೀರ್ಮಾನಿಸಿಬಿಡುತ್ತದೆ.

1991ರಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಸರ ಶಿಕ್ಷಣಕ್ಕೆ ಒತ್ತು ಕೊಟ್ಟ ಮೇಲೆ ಪದವಿ ತರಗತಿಗಳಿಗೂ ಈ ವಿಷಯ ಬಂತು. ವ್ಯಾಪ್ತಿ ಹಿಗ್ಗಿತು, ಆಕರಗಳು ಹಿಗ್ಗಲಿಲ್ಲ.

ಎಪ್‌ಸ್ಟೈನ್ 1970ರಲ್ಲಿ ಅದೇ ಊರುಗಳಿಗೆ ಮರಳಿ, 1973ರಲ್ಲಿ ‘ಸೌತ್ ಇಂಡಿಯಾ: ಯೆಸ್ಟರ್‌ಡೇ, ಟುಡೇ ಅಂಡ್ ಟುಮಾರೊ’ ಪ್ರಕಟಿಸಿದರು. ಉಳ್ಳವರಿಗೂ ಇಲ್ಲದವರಿಗೂ ನಡುವಿನ ಅಂತರ ಹೆಚ್ಚಿದ್ದನ್ನು ಅದು ತೋರಿಸುತ್ತದೆ. ಎರಡನೆಯ ಪುಸ್ತಕ ಮೊದಲನೆಯದನ್ನು ಅಳಿಸಿಹಾಕಿತು ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ನಾಲೆಯ ಫಲ ಮೂವತ್ತು ವರ್ಷದ ಮೇಲೂ ತನ್ನ ಆಕಾರ ಬದಲಿಸುತ್ತಿತ್ತು ಎಂಬುದಕ್ಕೆ ಅದು ಪುರಾವೆ. ಮಳೆಗಾಲ ಬಿಟ್ಟು ಒಂದೇ ಋತುವಿನ ಮಾಹಿತಿ ಸಂಗ್ರಹಿಸಿ ಮುಗಿಸುವ ನಮ್ಮ ಪ್ರಬಂಧಗಳಿಗೆ ಮರುಭೇಟಿಯನ್ನೂ ಒಂದು ಅಧ್ಯಾಯವಾಗಿ ಸೇರಿಸಬೇಕೆಂದು ಮಾರ್ಗದರ್ಶಕರು ಕೇಳಬಹುದು. ಕೊಪ್ಪದಲ್ಲಿ ಅದನ್ನು ಮಾಡಲು ತೊಡಕಿಲ್ಲ. ಕಟಾವಿನ ಗುಂಪುಗಳು ಪ್ರತಿ ಹಂಗಾಮಿನಲ್ಲೂ ಬರುತ್ತವೆ.