ಪ್ಲಾಸ್ಟಿಕ್: ಬಕೆಟ್ಟಿಗಿಂತ ಹಳೆಯ ಪದ

‘ಪ್ಲಾಸ್ಟಿಕ್ ಸರ್ಜರಿ ಅಂದ್ರೆ ಒಳಗೆ ಪ್ಲಾಸ್ಟಿಕ್ ಇಡ್ತಾರಾ?’ ಕ್ಯಾನ್ಸರಿನಿಂದ ಸ್ತನ ತೆಗೆಸಿಕೊಂಡವರ ಮನೆಮಂದಿ ಹೀಗೆ ಕೇಳಿದರೆ ನಗಬೇಕಾಗಿಲ್ಲ. ಆ ಪದ ಆಪರೇಷನ್ ಕೋಣೆಗೆ ಮೊದಲು ಬಂತು, ಬಚ್ಚಲುಮನೆಗೆ ಆಮೇಲೆ.

ಗ್ರೀಕರ ‘ಪ್ಲಾಸ್ಸೈನ್’ ಎಂದರೆ ಹಸಿಮಣ್ಣನ್ನೋ ಮೇಣವನ್ನೋ ತಿದ್ದಿ ರೂಪ ಕೊಡುವುದು. 1818ರಲ್ಲಿ ಬರ್ಲಿನ್ನಿನ ಸರ್ಜನ್ ಗ್ರೇಫೆ ಮೂಗು ಕಟ್ಟುವ ವಿದ್ಯೆಯ ಪುಸ್ತಕಕ್ಕೆ ‘ರೈನೋಪ್ಲಾಸ್ಟಿಕ್’ ಎಂದು ಹೆಸರಿಟ್ಟ. 1838ರಲ್ಲಿ ಜರ್ಮನ್ ಸರ್ಜನ್ ಝೈಸ್ ಬರೆದ ಕೈಪಿಡಿಯಿಂದ ಅದು ಇಡೀ ಶಾಖೆಯ ಹೆಸರಾಗಿ ನಿಂತಿತು.

ಯುರೋಪಿನ ಈ ಆಸಕ್ತಿಯ ಹಿಂದೆ ಮೈಸೂರು ಯುದ್ಧದ ನಂಟೊಂದಿದೆ. ಇಂಗ್ಲಿಷರ ಸೇನೆಗೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಟಿಪ್ಪುವಿನ ಸೆರೆ ಸಿಕ್ಕಿ ಮೂಗು ಕಳೆದುಕೊಂಡ. ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಕುಲದವನೊಬ್ಬ ಅವನಿಗೆ ಹೊಸ ಮೂಗು ಕೂರಿಸಿದ ಸುದ್ದಿಯನ್ನು 1794ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಚಿತ್ರಸಹಿತ ಅಚ್ಚುಹಾಕಿತು. ತೆಳು ಮೇಣದಲ್ಲಿ ಮೂಗಿನ ಆಕಾರ ಮಾಡಿ, ಅದನ್ನು ಚಪ್ಪಟೆಯಾಗಿಸಿ ಹಣೆಯ ಮೇಲಿಟ್ಟು, ಸುತ್ತ ಗೆರೆ ಎಳೆದು, ಅಷ್ಟೇ ಚರ್ಮವನ್ನು ಬಿಡಿಸಿ, ಬುಡ ಕಡಿಯದೆ ಕೆಳಕ್ಕೆ ತಿರುಗಿಸುವುದು ಆ ಕ್ರಮ. ಗ್ರೀಕ್ ಪದಕ್ಕೆ ಇದಕ್ಕಿಂತ ಒಳ್ಳೆಯ ಟೀಕೆಯನ್ನು ನಾನು ಕಾಣೆ.

ಸ್ತನಕ್ಕೂ ಮೊದಲು ಒದಗಿದ್ದು ಮೈಯದೇ ಮಾಂಸ. 1895ರಲ್ಲಿ ಜರ್ಮನಿಯ ಸರ್ಜನ್ ಚೆರ್ನಿ ರೋಗಿಯ ಸೊಂಟದ ಬಳಿಯ ಕೊಬ್ಬಿನ ಗಡ್ಡೆಯನ್ನೇ ತಂದು ಖಾಲಿ ಜಾಗ ತುಂಬಿದ. ಹೊಟ್ಟೆಯ ಚರ್ಮ, ಕೊಬ್ಬು ತಂದು ಸ್ತನ ಕಟ್ಟುವ ಇಂದಿನ ಕ್ರಮ ಅದೇ ಜಾಡಿನದು.

ಇತ್ತ 1907ರಲ್ಲಿ ಬೇಕಲೈಟ್ ಎಂಬ ಪ್ಲಾಸ್ಟಿಕ್ ಬಂತು, ಅದರ ಹಿಂದೆ ಬಕೆಟ್ಟು, ಚೀಲ, ಬಾಟಲಿ. ಹಳೆಯ ಅರ್ಥ ಮುಚ್ಚಿಹೋಯಿತು. 1962ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಕ್ರೋನಿನ್ ಮತ್ತು ಗೆರೋ ಸಿಲಿಕೋನ್ ಚೀಲವನ್ನು ಮೊದಲ ಸಲ ಸ್ತನದೊಳಗಿಟ್ಟಾಗ ಪದದ ಎರಡೂ ಜನ್ಮಗಳು ಒಂದೇ ಕಡೆ ಸೇರಿದವು. ಆ ಪ್ರಶ್ನೆ ಕೇಳುವವರ ಅನುಮಾನ ಅರ್ಧ ನಿಜವಾದದ್ದು ಹೀಗೆ.

ಕನ್ನಡದ ‘ಸುರೂಪಿಕಾ ಶಸ್ತ್ರಚಿಕಿತ್ಸೆ’ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಚೆಲುವಿನ ಆಸೆಯನ್ನು ಅದು ಮುಂದೆ ಮಾಡುತ್ತದೆ. ಒಂದು ಕಡೆ ಬರಿದಾದ ರವಿಕೆ ಸರಿಯಾಗಿ ಕೂತರೆ ಸಾಕೆನ್ನುವವಳಿಗೆ, ಸ್ತನದ ಭಾರ ಹೊತ್ತು ಕುತ್ತಿಗೆ ನೋಯುವವಳಿಗೆ ಅದರಲ್ಲಿ ಜಾಗವಿಲ್ಲ.

ಮಾಂಸ ಮಣ್ಣಲ್ಲ, ತಿದ್ದಿದ ಗುರುತನ್ನು ಉಳಿಸಿಕೊಳ್ಳುತ್ತದೆ. ಸ್ತನ ಕಿರಿದು ಮಾಡಿದರೆ ಸಾಮಾನ್ಯವಾಗಿ ತೊಟ್ಟಿನ ಸುತ್ತ ಒಂದು ಗೆರೆ, ಅಲ್ಲಿಂದ ಕೆಳಕ್ಕೊಂದು, ಬುಡದ ಮಡಿಕೆಯಲ್ಲಿ ಅಡ್ಡಕ್ಕೊಂದು. ಹೊಟ್ಟೆಯಿಂದ ತಂದರೆ ಕೆಳಹೊಟ್ಟೆಯ ಮೇಲೆ ಸೊಂಟದಿಂದ ಸೊಂಟಕ್ಕೆ ಹೊಲಿಗೆ. ಕೆಲವು ದಿನ ಬಗ್ಗಿಯೇ ನಡೆಯಬೇಕು, ತುಂಬಿದ ಬಿಂದಿಗೆಯನ್ನು ಸುಮಾರು ಆರು ವಾರ ಮುಟ್ಟುವಂತಿಲ್ಲ. ಸಿಲಿಕೋನ್ ಚೀಲವಾದರೆ ಹೊರಗಿನ ಗೆರೆ ಚಿಕ್ಕದು. ಆದರೆ ಮೈ ಅದರ ಸುತ್ತ ಒಳಗೇ ಒಂದು ಗಾಯದ ಪೊರೆ ಕಟ್ಟುತ್ತದೆ. ಕೆಲವರಲ್ಲಿ ಅದು ಬಿಗಿದು ಸ್ತನ ಗಟ್ಟಿಯಾಗಿ ನೋಯುತ್ತದೆ. ಚೀಲವೂ ಜೀವಮಾನಪೂರ್ತಿ ಬಾಳುವುದೆಂದು ನಂಬುವಂತಿಲ್ಲ.

ಹೊರಗಿನ ಗೆರೆ ಮೊದಲ ತಿಂಗಳುಗಳಲ್ಲಿ ಕೆಂಪಾಗಿ, ಉಬ್ಬಿ, ತುರಿಸಿ ಹೆದರಿಸುತ್ತದೆ. ಮಾಸಲು ಒಂದರಿಂದ ಒಂದೂವರೆ ವರ್ಷ ಬೇಕು, ಪೂರ್ತಿ ಅಳಿಯುವುದಿಲ್ಲ. ಅದನ್ನು ಮೆತ್ತಗಾಗಿಸಲು ಅಂಟಿಸುವ ಹಾಳೆಯೂ ಸಿಲಿಕೋನಿನದೇ. ಗಾಯದ ಎಲ್ಲೆ ಮೀರಿ ಬೆಳೆಯುವ ಗುರುತಿಗೆ ‘ಕೀಲಾಯ್ಡ್’ ಎಂಬ ಹೆಸರು ಏಡಿಯ ಕೊಂಡಿ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ನಮ್ಮಂಥ ಕಂದು ಚರ್ಮದವರಲ್ಲಿ ಇದು ಹೆಚ್ಚು. ಕಿವಿ ಚುಚ್ಚಿಸಿದ ಕಡೆಯೋ ತೋಳಿನ ಲಸಿಕೆಯ ಗುರುತೋ ಗಂಟಾಗಿ ಬೆಳೆದಿದ್ದರೆ, ಆಪರೇಷನ್ನಿಗೆ ಮುಂಚೆಯೇ ಸರ್ಜನ್ನರಿಗೆ ತೋರಿಸಿಬಿಡಬೇಕು.