ಪೆನ್ ಡ್ರೈವಿನೊಳಗಿನ ಪಪ್ಪಿ

2000ನೆಯ ಇಸವಿಯಲ್ಲಿ ಜರ್ಮನಿಯ ಕ್ಲೌಸ್ ಕ್ನೊಪರ್ ಎಂಬವರು, ಹಾರ್ಡ್ ಡಿಸ್ಕನ್ನು ಮುಟ್ಟದೆ ಸಿ.ಡಿ.ಯೊಂದರಿಂದಲೇ ಗಣಕಯಂತ್ರವನ್ನು ಎಚ್ಚರಿಸಬಲ್ಲ ಕ್ನೊಪಿಕ್ಸ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ಲೋಕಕ್ಕಿತ್ತರು. ಅದರಿಂದಲೇ ಕವಲೊಡೆದ ಡ್ಯಾಮ್ ಸ್ಮಾಲ್ ಲಿನಕ್ಸ್ 50 ಎಂ.ಬಿ.ಯ ಮಿತಿಯನ್ನು ವ್ರತದಂತೆ ಪಾಲಿಸಿತು. ಆದರೆ ನನ್ನ ಪ್ರೀತಿಗೆ ವಿಶೇಷವಾಗಿ ಪಾತ್ರವಾದುದು, ಆಸ್ಟ್ರೇಲಿಯದ ಬ್ಯಾರಿ ಕೌಲರ್ 2003ರಲ್ಲಿ ಹೊರತಂದ ಪಪ್ಪಿ ಲಿನಕ್ಸ್. ಅದನ್ನು ತುಂಬಿದ ಪೆನ್ ಡ್ರೈವನ್ನು ಸಿಕ್ಕಿಸಿ, ನಮ್ಮ ಮನೆಯ ಹಳೆಯ ಯಂತ್ರದ ಎಫ್12 ಕೀಲಿಯನ್ನೊತ್ತಿದೊಡನೆ, ಕರಿಯ ಪರದೆಯ ಮೇಲೆ ಬಿಳಿಯ ಅಕ್ಷರಗಳು ಸಾಲುಸಾಲಾಗಿ ಸರಿದು, ಸಮಗ್ರ ವ್ಯವಸ್ಥೆಯೂ ರ‍್ಯಾಮಿನೊಳಗೆ ನೆಲೆಗೊಂಡು, ಹಾರ್ಡ್ ಡಿಸ್ಕ್ ಕೆಟ್ಟು ಮೂಲೆ ಸೇರಿದ್ದ ಆ ಜೀರ್ಣ ಯಂತ್ರ ಪುನರ್ಜನ್ಮ ಪಡೆದುದನ್ನು ಕಂಡು ನಾನು ಪಟ್ಟ ಹರ್ಷ ಅಷ್ಟಿಷ್ಟಲ್ಲ. ಬರೆದುದೆಲ್ಲವೂ ಅದೇ ಡ್ರೈವಿನ ಒಂದು ಕಡತದಲ್ಲಿ ಉಳಿಯುವುದರಿಂದ, ಅದನ್ನು ಜೇಬಿನಲ್ಲಿಟ್ಟು ಒಯ್ದವನು ಪರಸ್ಥಳದ ಮತ್ತೊಂದು ಯಂತ್ರದಲ್ಲಿಯೂ ನಿನ್ನೆ ಅರ್ಧಕ್ಕೆ ಬಿಟ್ಟ ವಾಕ್ಯವನ್ನು ಮುಂದುವರಿಸಬಹುದಾಗಿತ್ತು.